ಬಾಗಿಲ ಕಂಡಿಯಲ್ಲಿ ಹಾಕಿದ ಮಾತು

ಹೋಲ್ಮರ್ಶ್, ಲಿಂಕನ್‌ಶೈರ್
ಭಾನುವಾರ, 14 ಜುಲೈ 2024

ಪ್ರೀತಿಯ ಬ್ರಿಜೆಟ್,

ಹೇಗಿದ್ದೀಯಾ ಮಗಳೇ? ನಿನ್ನ ಬೆನ್ನುನೋವು ಈಗ ಹೇಗಿದೆ? ಫೋನಿನಲ್ಲಿ ನಿನ್ನಮ್ಮ ನೋರೀನ್‌ಗೆ "ಪರವಾಗಿಲ್ಲ" ಅಂದೆಯಂತೆ. ಆದರೆ ಆರು ವರ್ಷದವಳಿದ್ದಾಗ ಗೋಡೆ ಹತ್ತಿ ಬಿದ್ದು ಕೈ ಮುರಿದುಕೊಂಡು ಬಂದಾಗಲೂ ನೀನು ಅದೇ ಮಾತು ಅಂದಿದ್ದೆ, ಹಾಗಾಗಿ ನಾನು ನಂಬುವುದಿಲ್ಲ. ಅಳಿಯ ರಿಮಾಸ್ ಆರೋಗ್ಯವಾಗಿದ್ದಾನೆಯೇ? ಅವನ ದೇಶದ ಆ ಕ್ಲೈಪೆಡಾ ಹಡಗುಕಟ್ಟೆಯಲ್ಲಿ ಚಳಿಗಾಲವೆಲ್ಲ ಹೊರಗಿನ ಕೆಲಸವೇ ಅಂತ ನೋರೀನ್ ಹೇಳುತ್ತಿದ್ದಳು. ಅವನಿಗೆ ಚಳಿ ಹೊಸದಲ್ಲ, ನಮ್ಮ ಹೂಕೋಸಿನ ಹೊಲಗಳಲ್ಲಿ ಜನವರಿ ತಿಂಗಳ ಗಾಳಿ ಕುಡಿದವನು. ಮೊಮ್ಮಗಳು ರೂತಾಳ ಫೋಟೋ ನೋಡಿದೆ. ಹದಿನಾಲ್ಕಕ್ಕೇ ನಿನ್ನ ಭುಜ ದಾಟಿದ್ದಾಳೆ. ಹಣೆ ನೋರೀನ್‌ದು, ಕಿವಿ ಮಾತ್ರ ಪಾಪ ನನ್ನವೇ. ಕೂದಲು ಬಿಟ್ಟುಕೊಂಡರೆ ಕಾಣುವುದಿಲ್ಲ ಅಂತ ಅವಳಿಗೆ ಹೇಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿ ಮಳೆ ಬರುವ ಮೊದಲೇ ಅವಳಿಗೆ ಸುದ್ದಿ ಕೊಡುತ್ತದೆ, ರೇಡಿಯೋ ಬೇಕಾಗಿಲ್ಲ. ಶಾಲೆಯ ಅಡುಗೆಮನೆ ಬಿಟ್ಟು ಒಂಬತ್ತು ವರ್ಷವಾದರೂ ಇನ್ನೂ ಮುನ್ನೂರು ಮಕ್ಕಳಿಗೆ ಆಗುವಷ್ಟು ಆಲೂಗಡ್ಡೆ ಬೇಯಿಸುತ್ತಾಳೆ. ನಾನು ಕಾಗದ ಬರೆಯುತ್ತಿರುವುದು ನಿನಗೆ ಆಶ್ಚರ್ಯ ಅನ್ನಿಸಬಹುದು. ನೀವು ಹೋದ ಮೇಲಿನ ಏಳು ವರ್ಷಗಳಲ್ಲಿ ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ "ಅಪ್ಪ" ಅಂತ ಸಹಿ ಮಾಡಿದ್ದು ಬಿಟ್ಟರೆ ಬೇರೆ ಬರೆದವನಲ್ಲ. ಫೋನು ಬಂದಾಗಲೂ ಹವೆಯ ವಿಷಯ ಎರಡು ಮಾತಾಡಿ ನೋರೀನ್‌ಗೆ ಕೊಟ್ಟುಬಿಡುತ್ತೇನೆ. ಇವತ್ತು ಊಟವಾದ ಮೇಲೆ ಅವಳೇ ಕಾಗದ, ಪೆನ್ನು ತಂದು ಮುಂದೆ ಇಟ್ಟಳು. "ಬಾಯಿ ಬರಲ್ಲ ಅಂದ್ರೆ ಬರಿ ಕ್ಲಿಫ್. ಇಡೀ ಊರಿಗೇ ಬರ್ದೋನು, ಮಗಳಿಗೆ ಬರಿಯೋಕೆ ಏನು ರೋಗ?" ಅಂದಳು.

ಚುನಾವಣೆ ಮುಗಿದು ಹತ್ತು ದಿನವಾಯಿತು. ನಾನೀಗ ಪಕ್ಷದ ಶಾಖೆಯ ಕಾರ್ಯದರ್ಶಿ ಅಲ್ಲ. ಮೂವತ್ತೆಂಟು ವರ್ಷ ಹೊತ್ತ ಹೆಸರು ಇಳಿಯಿತು. ಯಾವ ಮನೆಯವರು ನಮಗೆ ಹಾಕುತ್ತಾರೆ, ಯಾರು ಅನುಮಾನ, ಯಾರ ಮನೆಯ ನಾಯಿ ಕಚ್ಚುತ್ತದೆ ಅಂತ ಬರೆದಿಟ್ಟಿದ್ದ ಮತದಾರರ ಚೀಟಿಗಳನ್ನೆಲ್ಲ ಒಬ್ಬ ಹುಡುಗಿ ಬಂದು ಕಾರಿನಲ್ಲಿ ಒಯ್ದಳು. ಮೆಟ್ಟಿಲ ಕೆಳಗಿನ ಬೀರು ಖಾಲಿಯಾಗಿದೆ. ನೋರೀನ್ ಅಲ್ಲಿ ಪೊರಕೆ ಇಟ್ಟಿದ್ದಾಳೆ. ಬೀರು ಖಾಲಿ ಮಾಡುವಾಗ ನಿನ್ನ ನೆನಪು ಬಹಳ ಬಂತು. ಎಂಟು ವರ್ಷದವಳು ನೀನು, ಅಡುಗೆಮನೆ ಮೇಜಿನ ಮೇಲೆ ನಾಲಿಗೆ ಕಚ್ಚಿಕೊಂಡು ಕರಪತ್ರ ಮಡಿಚುತ್ತಿದ್ದೆ. ಮೂರು ಮಡಿಕೆ, ಉಗುರಿನಿಂದ ಒಂದು ಗೆರೆ. ನನ್ನ ಮಡಿಕೆ ಸೊಟ್ಟ ಅಂತ ಬಿಚ್ಚಿ ಮತ್ತೆ ಮಡಿಚುತ್ತಿದ್ದೆ. ಶನಿವಾರ ಬೆಳಗ್ಗೆ ನನ್ನ ಸೈಕಲ್ಲಿನ ಮುಂದೆ ಕೂತು ಮನೆಮನೆಗೂ ಬರುತ್ತಿದ್ದೆ. ಬಾಗಿಲಿನ ಟಪಾಲು ಕಂಡಿ ನಿನಗೆ ಎಟುಕುತ್ತಿರಲಿಲ್ಲ, ಎತ್ತಿ ಹಿಡಿಯುತ್ತಿದ್ದೆ. ಕಂಡಿಯ ಸ್ಪ್ರಿಂಗು ಒಮ್ಮೆ ನಿನ್ನ ಬೆರಳು ಕಚ್ಚಿದಾಗ ನೀನು ಬಾಗಿಲಿಗೇ ಬೈದೆ. ಒಳಗಿಂದ ಒಬ್ಬ ಮುದುಕಿ ನಕ್ಕು ಮಿಠಾಯಿ ಕೊಟ್ಟಳು. ಎದುರು ಪಕ್ಷದವಳು ಅವಳು, ಆದರೂ ಕೊಟ್ಟಳು.

ಆಗಿನ ಕರಪತ್ರಗಳಲ್ಲಿ ಏನಿರುತ್ತಿತ್ತು, ನೆನಪಿದೆಯೇ? ಸೇತುವೆ ಬಳಿ ಬಸ್ಸಿಗೆ ಕಾಯುವವರಿಗೆ ಮಳೆಗೆ ನಿಲ್ಲಲು ಒಂದು ಮಾಡು. ಚರ್ಚಿನ ಹಿಂದಿನ ಕಾಲುವೆಯ ಹೂಳು ತೆಗೆಸುವುದು. ಆಸ್ಪತ್ರೆಗೆ ವಾರಕ್ಕೆರಡು ಬಸ್ಸು. ಬಸ್ಸಿನ ಮಾಡು ಆಗಲು ನಾಲ್ಕು ವರ್ಷ ಹಿಡಿಯಿತು, ಆದರೆ ಆಯಿತು. ಜನ ಅದರ ಕೆಳಗೆ ನಿಂತು "ಸೋರತ್ತೆ ಕ್ಲಿಫ್ ನಿನ್ನ ಮಾಡು" ಅಂತ ನನ್ನನ್ನೇ ಬೈಯುತ್ತಿದ್ದರು. ಆ ಬೈಗುಳ ನನಗೆ ಎಷ್ಟು ಹಿತವಾಗಿತ್ತು ಅಂತ ಈಗ ಗೊತ್ತಾಗುತ್ತದೆ. ಮಾತು ಕೊಟ್ಟೆವು, ಕೊಟ್ಟದ್ದು ಕಣ್ಣೆದುರು ನಿಂತಿತ್ತು. ಸೋರಿದರೆ ಏಣಿ ಹಾಕಿ ಮೇಲೆ ಹತ್ತಬಹುದಾಗಿತ್ತು.

ರಿಮಾಸ್ ಬಂದ ವರ್ಷವೂ ನೆನಪಾಯಿತು. 2005ರ ನವೆಂಬರ್. ನಾನಾಗ ಬ್ಲೇಡ್ಸ್ ಅವರ ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ಮೇಸ್ತ್ರಿ. ವ್ಯಾನಿನಿಂದ ಹನ್ನೊಂದು ಜನ ಇಳಿದರು, ಕೊನೆಯವನು ಅವನು. ಕೈಗವಸು ಇರಲಿಲ್ಲ. ನನ್ನ ಹಳೆಯ ಜೋಡಿ ಕೊಟ್ಟೆ. ಸಂಜೆ ಕೆಲಸ ಮುಗಿದಾಗ ಅದನ್ನು ತೊಳೆದು, ಹಿಂಡಿ, ಬಾಗಿಲ ಮೊಳೆಗೆ ನೇತುಹಾಕಿ ಹೋಗಿದ್ದ. ಹದಿನೈದು ದಿನಕ್ಕೆ ಕೈಚಳಕದಲ್ಲಿ ನನ್ನನ್ನು ಮೀರಿಸಿದ. ಭಾಷೆ ಮಾತ್ರ ಅರ್ಧಂಬರ್ಧ. "ಮೇಸ್ತ್ರಿ, ಈ ಹೂಕೋಸು ಯಾಕೆ ಬೇಡ?" ಅಂತ ಕೇಳಿದ. "ಸೊಟ್ಟ ಇದೆ, ಅಂಗಡಿಯವರು ತಗೊಳಲ್ಲ" ಅಂದೆ. "ಹೊಟ್ಟೆ ಒಳಗೆ ಎಲ್ಲಾ ಸೊಟ್ಟಾನೇ" ಅಂದ. ಇಡೀ ಶೆಡ್ಡು ನಕ್ಕಿತು. ಆ ಮಾತು ಮನೆಗೆ ಬಂದು ಹೇಳಿದವನು ನಾನೇ. ಅವತ್ತು ನೀನು ತಲೆ ಎತ್ತಿ "ಯಾರಪ್ಪ ಅದು?" ಅಂದೆ. ಆಮೇಲಿನದೆಲ್ಲ ನಿನಗೇ ಗೊತ್ತು. ಮೊದಲ ಸಲ ಅವನು ನಮ್ಮ ಮನೆಗೆ ಬಂದು ಬೀಟ್‌ರೂಟಿನ ತಣ್ಣನೆಯ ಸಾರು ಮಾಡಿದಾಗ ನಿನ್ನಮ್ಮ ನನ್ನ ಕಿವಿಯಲ್ಲಿ "ಇದು ಸಾರಾ ಕ್ಲಿಫ್, ಗೋಡೆಗೆ ಬಳಿಯೋ ಬಣ್ಣಾನಾ?" ಅಂದಳು. ಆಮೇಲೆ ಎರಡು ಸಲ ಹಾಕಿಸಿಕೊಂಡಳು. ಅವಳ ಪ್ಲಮ್ ಬ್ರೆಡ್ಡಿಗೆ ಚೀಸ್ ಇಟ್ಟು ತಿನ್ನುವುದನ್ನು ಅವನಿಗೆ ಕಲಿಸಿದ್ದು ನಾನು. ಅಲ್ಲಿ ಆ ಬ್ರೆಡ್ಡು ಸಿಗುವುದಿಲ್ಲವಲ್ಲ ಅಂತ ಅವಳು ಇವತ್ತಿಗೂ ಪ್ರತಿ ಭಾನುವಾರ ಹೇಳುತ್ತಾಳೆ.

ಊರು ಬದಲಾದದ್ದೂ ಸುಳ್ಳಲ್ಲ ಬ್ರಿಜೆಟ್. ಜನ ಹೇಳಿದ್ದೆಲ್ಲ ದ್ವೇಷ ಅಂತ ನೀನು ಹೋಗುವಾಗ ಅಂದೆ. ಎಲ್ಲವೂ ಅಲ್ಲ. ನಮ್ಮಜ್ಜಿಯ ಕಾಲದಲ್ಲಿ ಆಲೂಗಡ್ಡೆ ಕೀಳಲು ಐರಿಶ್ ಜನ ಬರುತ್ತಿದ್ದರು, ಕೊಟ್ಟಿಗೆಯಲ್ಲಿ ಮಲಗಿ, ಸುಗ್ಗಿ ಮುಗಿದ ಮೇಲೆ ಹೋಗುತ್ತಿದ್ದರು. ಆಗಲೂ ಊರು ಗೊಣಗಿತ್ತಂತೆ. ಆದರೆ ಈ ಸಲ ಹತ್ತು ವರ್ಷದಲ್ಲಿ ಊರಿನ ಜನ ಅಷ್ಟೊಂದು ಹೆಚ್ಚಿದರು, ಹಲ್ಲಿನ ಡಾಕ್ಟರು ಮಾತ್ರ ಒಬ್ಬರೇ. ಶಾಲೆಯ ಆಟದ ಬಯಲಿನಲ್ಲಿ ತಗಡಿನ ಕೊಠಡಿಗಳು ಎದ್ದವು. ಮೂರು ಕೋಣೆಯ ಮನೆಯಲ್ಲಿ ಹನ್ನೆರಡು ಜನರನ್ನು ತುಂಬಿ ಬಾಡಿಗೆ ಎತ್ತುತ್ತಿದ್ದವರು ನಮ್ಮೂರಿನವರೇ. ಇದನ್ನೆಲ್ಲ ಸರಿ ಮಾಡುವುದು ಕಷ್ಟ. ಒಂದು ಸಂಖ್ಯೆ ಹೇಳುವುದು ಸುಲಭ. ನಾವು ಸಂಖ್ಯೆ ಹೇಳಿದೆವು. ಹೊರದೇಶಗಳಿಂದ ವರ್ಷಕ್ಕೆ ಇಷ್ಟೇ ಜನ ಬರುವಂತೆ ಮಾಡುತ್ತೇವೆ ಅಂದೆವು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ನಾನು ಯಾರನ್ನೂ ಕೇಳಲಿಲ್ಲ. ಬಾಗಿಲು ಬಡಿದಾಗ ಜನರ ಮುಖ ಅರಳುತ್ತಿತ್ತು, ಅಷ್ಟು ಸಾಕಿತ್ತು.

2015ರ ಕರಪತ್ರದ ವಿಷಯ ಬರೆಯದೆ ಇರಲಾರೆ. "ನಿಮ್ಮ ಬೀದಿಯಲ್ಲಿ ನಿಮ್ಮ ಭಾಷೆ ಕೊನೆಯ ಸಲ ಕೇಳಿದ್ದು ಯಾವಾಗ?" ದಪ್ಪ ಅಕ್ಷರದಲ್ಲಿ ಇತ್ತು. ನಿನ್ನ ಹೆಸರು ಮತದಾರರ ಪಟ್ಟಿಯಲ್ಲಿದ್ದದ್ದರಿಂದ ನಿಮ್ಮ ಮನೆಗೂ ಬಂತು. ಮತ ಇಲ್ಲದ ರಿಮಾಸ್ ಅದನ್ನು ಚಾಪೆಯ ಮೇಲಿನಿಂದ ಎತ್ತಿಕೊಂಡ. ಆ ಭಾನುವಾರ ನೀವು ಊಟಕ್ಕೆ ಬಂದಾಗ ಅವನು ಅದನ್ನು ನನ್ನ ತಟ್ಟೆಯ ಪಕ್ಕ ಇಟ್ಟ. ಸಿಟ್ಟು ಮಾಡಲಿಲ್ಲ. "ಕ್ಲಿಫ್, ನಾನು ರೂತಾಗೆ ರಾತ್ರಿ ಕಥೆ ನನ್ನ ಭಾಷೇಲಿ ಹೇಳ್ತೀನಿ. ಕಿಟಕಿ ಮುಚ್ಚಿಕೊಂಡು ಹೇಳಬೇಕಾ?" ಅಂತ ಕೇಳಿದ, ನಿಜವಾಗಿಯೂ ಉತ್ತರ ಬೇಕು ಅನ್ನುವ ಹಾಗೆ. ನೀನು "ಯಾರಪ್ಪ ಇದನ್ನ ಬರ್ದದ್ದು?" ಅಂದೆ. ಲಂಡನ್ನಿಂದ ಬಂತು, ಎಲ್ಲ ಊರಿಗೂ ಅದೇ ಹೋಗುತ್ತದೆ, ನಾನು ಹಂಚುವವನಷ್ಟೇ ಅಂತ ನಾನು ಹೇಳಿದೆ. ರಿಮಾಸ್ ತಲೆ ಆಡಿಸಿ ಮಾಂಸ ಕತ್ತರಿಸಲು ಶುರು ಮಾಡಿದ. ಅವನು ನನ್ನ ಮಾತು ನಂಬಿದ. ಆದರೆ ಆಮೇಲೆ ಅವನು ಬೀದಿಯಲ್ಲಿ ಮಗುವಿನ ಜತೆ ಮೆಲ್ಲಗೆ ಮಾತಾಡುವುದನ್ನು ನಾನು ಗಮನಿಸಿದೆ. ಮುಂದಿನ ವರ್ಷ ಯುರೋಪ್ ಒಕ್ಕೂಟ ಬಿಡುವುದಕ್ಕೆ ನಡೆದ ಜನಮತಗಣನೆ, ಅದರ ಮರುದಿನ ಶೆಡ್ಡಿನಲ್ಲಿ ಯಾರೋ "ಪೆಟ್ಟಿಗೆ ಕಟ್ಟಿದ್ಯಾ?" ಅಂತ ಅವನನ್ನು ರೇಗಿಸಿದ್ದು, ಅದರ ಮುಂದಿನ ಬೇಸಿಗೆಯಲ್ಲಿ ನೀವು ನಿಜವಾಗಿಯೂ ಪೆಟ್ಟಿಗೆ ಕಟ್ಟಿದ್ದು, ಇವೆಲ್ಲ ಒಂದಾದ ಮೇಲೊಂದು ಆಗಿಹೋದವು. ನೀವು ಹೊರಟ ದಿನ ನಾನು ಬಾಗಿಲಲ್ಲಿ ನಿಂತು ಸಾಮಾನಿನ ಹಗ್ಗ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಮೂರು ಸಲ ಎಳೆದು ನೋಡಿದೆ.

ಈ ಸಲ ಜೂನ್ ತಿಂಗಳಲ್ಲಿ ಮತ್ತೆ ಹೊರಟೆ. ಅಭ್ಯರ್ಥಿ ವೆರಿಟಿ ಹಾಲಮ್ ಅಂತ, ನಾಟಿಂಗ್‌ಹ್ಯಾಮಿನ ವಕೀಲೆ, ಮೂವತ್ತೊಂದು ವರ್ಷ. ಒಳ್ಳೆಯ ಹೆಣ್ಣುಮಗಳು, ಬೂಟು ಮಾತ್ರ ನಮ್ಮ ಕೆಸರಿಗೆ ತಕ್ಕದ್ದಲ್ಲ. ಲೆನ್ ಟ್ವೆಲ್ ಮನೆಗೆ ನಾನೊಬ್ಬನೇ ಹೋದೆ. ಲೆನ್ ನೆನಪಿರಬೇಕು ನಿನಗೆ, ಟ್ರ್ಯಾಕ್ಟರ್ ಓಡಿಸುತ್ತಿದ್ದ, ಪ್ರತಿ ಚುನಾವಣೆಯಲ್ಲೂ ನಾನು ಮೊದಲು ಬಡಿಯುವ ಬಾಗಿಲು. ಕರಪತ್ರ ಕೈಗೆ ಕೊಟ್ಟೆ. ಓದಲಿಲ್ಲ. "ಒಳಗೆ ಬಾ" ಅಂದ. ಮೇಜಿನ ಡ್ರಾಯರ್ ಎಳೆದು ನನ್ನ ಹಳೆಯ ಕರಪತ್ರಗಳನ್ನು ತೆಗೆದು ಸಾಲಾಗಿ ಹರಡಿದ. 2005, 2010, 2015, 2017, 2019. ಐದು. "ಎಲ್ಲಾದ್ರಲ್ಲೂ ಕಮ್ಮಿ ಮಾಡ್ತೀವಿ ಅಂತಿದೆ ಕ್ಲಿಫ್. ಪ್ರತಿ ಸಲಾನೂ ಜಾಸ್ತೀನೇ ಆಗಿದೆ. ನೀನೇ ಮೇಸ್ತ್ರಿ ಆಗಿದ್ದೋನು, ಐದು ಸಲ ತಪ್ಪು ಲೋಡು ತಂದೋನ್ನ ಏನ್ ಮಾಡ್ತಿದ್ದೆ?" ಅಂದ. ನನಗೆ ನಗು ಬಂತು, ಅವನು ನಗಲಿಲ್ಲ. ಮೊಮ್ಮಗನಿಗೆ ಊರಲ್ಲಿ ಮನೆ ಸಿಗದೆ ಪೀಟರ್‌ಬರೋಗೆ ಹೋದ ಕಥೆ ಹೇಳಿದ. ಹಲ್ಲು ತಾನೇ ಇಕ್ಕಳದಲ್ಲಿ ಕಿತ್ತುಕೊಂಡದ್ದನ್ನು ಬಾಯಿ ಅಗಲಿಸಿ ತೋರಿಸಿದ. ಆಮೇಲೆ 2015ರ ಕರಪತ್ರದ ಆ ಸಾಲಿನ ಮೇಲೆ ಬೆರಳಿಟ್ಟ. "ಇದನ್ನ ಓದಿ ಅವತ್ತು ಖುಷಿ ಆಗಿತ್ತು ನಂಗೆ. ಸರಿಯಾಗಿ ಕೇಳಿದಾರೆ ಅನ್ಕೊಂಡೆ. ಆಮೇಲೆ ನಿನ್ನ ಅಳಿಯ ಹೋದ. ಗಿಡ ಬೆಳ್ಸೋ ನನ್ನ ಗಾಜಿನ ಮನೆ ಗಾಳಿಗೆ ಒಡೆದಾಗ ಕೇಳ್ದೆ ಕರೀದೆ ಬಂದು ಗಾಜು ಕೂರಿಸಿಕೊಟ್ಟೋನು ಅವನು. ನಾನು ಸಂಖ್ಯೆ ಕಮ್ಮಿ ಮಾಡಿ ಅಂದೆ ಕಣೋ. ರಿಮಾಸ್‌ನ ಕಳಿಸಿ ಅಂತ ಯಾವತ್ತು ಹೇಳ್ದೆ?"

ಅವನು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಮುಂದಿನ ಗುರುವಾರ ಮೆಥಡಿಸ್ಟ್ ಚರ್ಚಿನ ಸಭಾಂಗಣದಲ್ಲಿ ಸಭೆ. ಅಧ್ಯಕ್ಷತೆ ನನ್ನದು. ಮುಂದಿನ ಸಾಲಿನಲ್ಲಿ ಬ್ಲೇಡ್ಸ್ ಕೂತಿದ್ದರು, ನಮ್ಮ ಶಾಖೆಯ ಹಳೆಯ ಪೋಷಕರು. ಲೆನ್ ಆ ಐದನ್ನೂ ಹಿಡಿದುಕೊಂಡು ಬಂದಿದ್ದ. ಎದ್ದು ನಿಂತು, "ಮಿಸ್ ಹಾಲಮ್, ಜಗಳ ಆಡೋಕೆ ಬಂದಿಲ್ಲ ನಾನು. ಒಂದೇ ಪ್ರಶ್ನೆ. ಈ ಸಲ ನಾನು ಏನನ್ನ ಎದುರುನೋಡ್ಬೇಕು?" ಅಂದ. ಪಾಪ, ಅವಳು ಕಲಿತುಕೊಂಡು ಬಂದ ಉತ್ತರ ಕೊಟ್ಟಳು. ನಿಯಂತ್ರಣ, ದೃಢಸಂಕಲ್ಪ, ಗಣನೀಯ ಇಳಿಕೆ. ಹಿಂದಿನ ಸಾಲಿನಿಂದ ಯಾರೋ "ಸಂಖ್ಯೆ ಹೇಳಮ್ಮ!" ಅಂತ ಕೂಗಿದರು. ಅವಳು ನನ್ನ ಕಡೆ ತಿರುಗಿ "ಮಿಸ್ಟರ್ ಗೋಸ್ಲಿಂಗ್, ನೀವು ಈ ಊರನ್ನ ನನಗಿಂತ ಚೆನ್ನಾಗಿ ಬಲ್ಲಿರಿ" ಅಂದಳು. ಸಭೆಯನ್ನು ತಣ್ಣಗಾಗಿಸಲಿ ಅಂತ ಅವಳ ಆಸೆ. ನಾನು ಎದ್ದೆ. ಎದ್ದಾಗ ಏನು ಹೇಳಬೇಕು ಅಂತ ನನಗೇ ಗೊತ್ತಿರಲಿಲ್ಲ. ಲೆನ್‌ನ ಮುಖ ನೋಡಿದೆ.

"ನನಗೆ ಗೊತ್ತಿಲ್ಲ ಲೆನ್" ಅಂದೆ. "ಈ ಮೇಜಿನ ಹಿಂದೆ ಕೂತಿರೋ ಯಾರಿಗೂ ಗೊತ್ತಿಲ್ಲ. ಐದು ಸಲ ನಿಂಗೆ ಮಾತು ಕೊಟ್ಟೆ, ಐದು ಸಲಾನೂ ಅದು ಆಗತ್ತಾ ಅಂತ ವಿಚಾರಿಸದೇ ಕೊಟ್ಟೆ. ಸೋಮವಾರ ಬ್ಲೇಡ್ಸ್ ಅವರು ಹೂಕೋಸು ಕೊಯ್ಯೋಕೆ ಇನ್ನೂರು ಕೈ ಬೇಕು ಅಂತಾರೆ, ಆಯ್ತು ಅಂತೀವಿ. ಆಸ್ಪತ್ರೆಯವ್ರು ದಾದಿಯರು ಬೇಕು ಅಂತಾರೆ, ಆಯ್ತು ಅಂತೀವಿ. ಗುರುವಾರ ನಿನ್ನ ಬಾಗಿಲಿಗೆ ಬಂದು ಯಾರನ್ನೂ ಬಿಡಲ್ಲ ಅಂತೀವಿ. ಇಬ್ರಿಗೂ ಆಯ್ತು ಅನ್ನೋಕೆ ನಮಗೆ ನಾಲಿಗೆ ಇತ್ತು. ಹಲ್ಲಿನ ಡಾಕ್ಟ್ರನ್ನ ತರೋಕೆ, ಮನೆ ಕಟ್ಸೋಕೆ ಯಾರೂ ಕೈ ಹಾಕಲಿಲ್ಲ." ಬ್ಲೇಡ್ಸ್ ಕೆಂಪಗಾಗಿ ಟೋಪಿ ಎತ್ತಿಕೊಂಡು ಹೊರಟರು. ಯಾರೋ ಚಪ್ಪಾಳೆ ಹೊಡೆದರು, ಯಾರೋ ಛೀ ಅಂದರು. ನೋರೀನ್ ಹಿಂದೆ ಚಹಾ ಪಾತ್ರೆಯ ಹತ್ತಿರ ನಿಂತಿದ್ದವಳು "ಬಿಸ್ಕತ್ತು ಇದೆ, ಎಲ್ರೂ ಬನ್ನಿ" ಅಂತ ಜೋರಾಗಿ ಕೂಗಿ ಸಭೆ ಮುಗಿಸಿಬಿಟ್ಟಳು.

ಮರುದಿನ ಬೆಳಗ್ಗೆ ಜಿಲ್ಲಾ ಕಚೇರಿಯಿಂದ ಫೋನು ಬಂತು. ದೀರ್ಘಕಾಲದ ಸೇವೆಗೆ ಕೃತಜ್ಞತೆ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಅಂದರು. ವೆರಿಟಿ ಮಾತ್ರ ತಾನೇ ಮನೆಗೆ ಬಂದಳು. ಬೈಯುತ್ತಾಳೆ ಅಂದುಕೊಂಡೆ. "ನಿಮ್ಮ ಹಾಗೆ ಮಾತಾಡಿದ್ರೆ ನಾನು ಗೆಲ್ಲಲ್ಲ ಮಿಸ್ಟರ್ ಗೋಸ್ಲಿಂಗ್" ಅಂದಳು, ಆಮೇಲೆ "ಹೀಗೆ ಮಾತಾಡಿದ್ರೂ ಗೆಲ್ಲಲ್ಲ ಅನ್ಸತ್ತೆ" ಅಂತ ಸೇರಿಸಿದಳು. ನೋರೀನ್ ಅವಳಿಗೆ ಹಳೆಯ ರಬ್ಬರ್ ಬೂಟು ಕೊಟ್ಟು ಕಳಿಸಿದಳು. ಕೊನೆಗೆ ಅವಳು ಸೋತಳು. ಗೆದ್ದವರು ನಮಗಿಂತಲೂ ಚಿಕ್ಕ ಸಂಖ್ಯೆ ಹೇಳಿದ್ದರು. ಎಣಿಕೆಯ ಮರುದಿನ ಲೆನ್ ಗೇಟಿನ ಬಳಿ ಸಿಕ್ಕಿದ. ಯಾರಿಗೆ ಹಾಕಿದೆ ಅಂತ ಕೇಳಿದೆ. "ನಿಂಗೇ ಹಾಕೋಣ ಅಂತ ಹೋದೆ. ಚೀಟೀಲಿ ನಿನ್ನ ಹೆಸರೇ ಇರ್ಲಿಲ್ಲ" ಅಂದ. ಇಬ್ಬರೂ ಗೇಟಿಗೆ ಒರಗಿ ಬಹಳ ಹೊತ್ತು ನಿಂತಿದ್ದೆವು, ಈ ವರ್ಷದ ಬಟಾಣಿ ಹೇಗಿದೆ ಅಂತ ಮಾತಾಡುತ್ತ. ಶೆಡ್ಡಿಗೆ ಈಗ ಇನ್ನೂ ದೂರದ ದೇಶಗಳ ಜನ ಬರುತ್ತಿದ್ದಾರೆ. ಅವರಲ್ಲೊಬ್ಬನನ್ನು ಲೆನ್ ಆಗಲೇ ತನ್ನ ಗಾಜಿನ ಮನೆ ತೋರಿಸಲು ಕರೆದುಕೊಂಡು ಹೋಗಿದ್ದನಂತೆ. ಹಾಗೆ ಕರೆದುಕೊಂಡು ಹೋಗಿಯೂ, ಸಂಖ್ಯೆ ಮಾತ್ರ ಕಮ್ಮಿ ಆಗಬೇಕು ಅನ್ನುತ್ತಾನೆ. ಮೊದಲಾಗಿದ್ದರೆ ನಾನು ಅವನ ಚೀಟಿಯ ಮೇಲೆ "ಅನುಮಾನ" ಅಂತ ಬರೆದುಕೊಳ್ಳುತ್ತಿದ್ದೆ. ಈಗ ಬರೆದುಕೊಳ್ಳಲು ಚೀಟಿಯೂ ಇಲ್ಲ.

ಶನಿವಾರಗಳು ಈಗ ಬಹಳ ಉದ್ದ ಅನ್ನಿಸುತ್ತವೆ. ನಿನ್ನೆ ಸೈಕಲ್ ತೆಗೆದುಕೊಂಡು ಹಳೆಯ ದಾರಿಯಲ್ಲೇ ಒಂದು ಸುತ್ತು ಹೋಗಿ ಬಂದೆ, ಕೈಯಲ್ಲಿ ಏನೂ ಇರಲಿಲ್ಲ. ನಿಮ್ಮ ಮನೆಯ ಮುಂದೆಯೂ ಹೋದೆ. ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ಮೇಲಿನ ಕಿಟಕಿ ತೆರೆದಿತ್ತು, ಒಳಗೆ ಯಾರೋ ಮಗುವಿಗೆ ಏನೋ ಹೇಳುತ್ತಿದ್ದರು. ಯಾವ ಭಾಷೆಯೋ ತಿಳಿಯಲಿಲ್ಲ. ಮಗು ನಗುತ್ತಿತ್ತು. ಸ್ವಲ್ಪ ಹೊತ್ತು ಸೈಕಲ್ ಹಿಡಿದುಕೊಂಡು ನಿಂತು ಬಂದೆ.

ರೂತಾಳ ಓದು ಚೆನ್ನಾಗಿ ಸಾಗಲಿ, ನಿನ್ನ ಬೆನ್ನು ಬೇಗ ನೆಟ್ಟಗಾಗಲಿ, ನಿಮ್ಮ ಮನೆಯಲ್ಲಿ ನಗು ಇರಲಿ ಅಂತ ಈ ಮುದುಕನ ಹಾರೈಕೆ. ರಿಮಾಸ್‌ನ ತಾಯಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ನೋರೀನ್ ಮುತ್ತು ಕಳಿಸಿದ್ದಾಳೆ, ಎಷ್ಟು ಅಂತ ಹೇಳಲಿಲ್ಲ, ನೀವೇ ಹಂಚಿಕೊಳ್ಳಿ.

ನಿನ್ನ ಅಪ್ಪ,
ಕ್ಲಿಫರ್ಡ್ ಗೋಸ್ಲಿಂಗ್

ಮರೆತ ಮಾತು: ಮರೆತದ್ದಲ್ಲ, ಮೇಲೆ ನಾಲ್ಕು ಸಲ ಬರೆಯಲು ಹೋಗಿ ಬಟಾಣಿ, ಬೂಟು ಅಂತ ಬೇರೇನೋ ಬರೆದೆ. 2015ರ ಆ ಸಾಲು ಲಂಡನ್ನಿಂದ ಬಂದದ್ದಲ್ಲ. ಅಲ್ಲಿಂದ ಬಂದದ್ದು ಸಂಖ್ಯೆ ಮಾತ್ರ. ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಬಿಟ್ಟು, ಊರಿನ ಜನಕ್ಕೆ ಮುಟ್ಟುವ ಹಾಗೆ ಏನಾದರೂ ಸೇರಿಸಿ ಅಂದಿದ್ದರು. ಇದೇ ಮೇಜಿನ ಮೇಲೆ ನಾನು ಬರೆದೆ. ಬರೆದು ಬಹಳ ಚೆನ್ನಾಗಿದೆ ಅನ್ನಿಸಿ ನಿನ್ನಮ್ಮನಿಗೆ ಜೋರಾಗಿ ಓದಿ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು, "ರಿಮಾಸ್ ಓದ್ತಾನೆ ಕ್ಲಿಫ್" ಅಂದಳು. "ಅವನ ಬಗ್ಗೆ ಅಲ್ಲ ಬಿಡು" ಅಂದೆ. ಒಂಬತ್ತು ವರ್ಷ ಅವಳು ಬಾಯಿ ಬಿಡದಿದ್ದದ್ದು ನಾನು ಬೇಡಿಕೊಂಡದ್ದಕ್ಕೆ, ಅವಳ ಮೇಲೆ ಸಿಟ್ಟಾಗಬೇಡ. ಸಭೆಯಲ್ಲಿ ನನಗೆ ಧೈರ್ಯ ಬಂದದ್ದು ಸಂಖ್ಯೆಯ ವಿಷಯಕ್ಕೆ ಮಾತ್ರ. ಈ ಭಾಗವನ್ನು ರಿಮಾಸ್‌ಗೆ ಓದಿ ಹೇಳು, ಅವನ ಭಾಷೆಯಲ್ಲಿ ಹೇಳು, ಎಲ್ಲೂ ಮೆತ್ತಗೆ ಮಾಡಬೇಡ. ಕ್ಷಮಿಸು ಅಂತ ನಾನೇ ಅವನೆದುರು ನಿಂತು ಹೇಳಬೇಕು, ಬರಬಹುದೇ ಅಂತ ಕೇಳಿ ತಿಳಿಸು. ಬೇಡ ಅಂದರೆ ಅದನ್ನೂ ತಿಳಿಸು. ನೋರೀನ್ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಟಪಾಲು ಡಬ್ಬಿಗೆ ತಾನೇ ಹಾಕುತ್ತಾಳಂತೆ. ನನ್ನ ಕೈಗೆ ಕೊಟ್ಟರೆ ಜೇಬಿನಲ್ಲಿಟ್ಟುಕೊಂಡು ವಾಪಸ್ ಬರುತ್ತೇನೆ ಅಂತ ಅವಳ ಅನುಮಾನ. ಅವಳ ಅನುಮಾನ ಸರಿ.